ಹಸುವಿಗೆ ಕೊಟ್ಟ ಔಷಧ ಎಲ್ಲಿಗೆ ಹೋಗುತ್ತದೆ? ಕೆಲವು ತಪ್ಪು ಕಲ್ಪನೆಗಳು

ರಾಸುಗಳಿಗೆ ಕೊಡುವ ಔಷಧಗಳ ಬಗ್ಗೆ ಹೈನುಗಾರರಲ್ಲಿಯೂ ಹಾಲು ಕೊಳ್ಳುವವರಲ್ಲಿಯೂ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಒಂದೇ ಎಣಿಕೆಯಿಂದ ಹುಟ್ಟುತ್ತವೆ. ಸೂಜಿಯ ಮೂಲಕವೋ ಬಾಯಿಯ ಮೂಲಕವೋ ಒಳಹೋದ ಔಷಧವು ಕಾಯಿಲೆಯ ಜಾಗವನ್ನು ಮುಟ್ಟಿ, ತನ್ನ ಕೆಲಸ ಮುಗಿಸಿ, ಅಲ್ಲಿಯೇ ಇಲ್ಲವಾಗುತ್ತದೆ ಎಂಬುದೇ ಆ ಎಣಿಕೆ. ವಾಸ್ತವದಲ್ಲಿ ಔಷಧವು ರಕ್ತದೊಡನೆ ಮೈಯೆಲ್ಲ ಸುತ್ತುತ್ತದೆ, ಕೆಲವೊಮ್ಮೆ ಯಕೃತ್ತಿನಲ್ಲಿ ಬೇರೊಂದು ರೂಪ ತಾಳುತ್ತದೆ, ಹಾಲು, ಗಂಜಲ ಮತ್ತು ಸಗಣಿಗಳ ಮೂಲಕ ಹೊರಬೀಳುತ್ತದೆ. ಚಿಕಿತ್ಸೆಯ ನಡುವೆಯೇ ಹಸು ಸತ್ತರೆ ಅದರ ಮಾಂಸದಲ್ಲಿ ಉಳಿದುಬಿಡುತ್ತದೆ.

ಕೆಚ್ಚಲು ಬಾವಿನ ಚಿಕಿತ್ಸೆಯಲ್ಲಿ ಇದು ಎದ್ದು ಕಾಣುತ್ತದೆ. ಬಾವು ಬಂದ ಮೊಲೆತೊಟ್ಟಿನ ರಂಧ್ರದೊಳಗೆ ಪ್ರತಿಜೀವಕದ, ಎಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆ ತಡೆಯುವ ಔಷಧದ ಟ್ಯೂಬನ್ನು ಏರಿಸಿದ ಮೇಲೆ, ಆ ಒಂದು ಮೊಲೆಯ ಹಾಲನ್ನು ಚೆಲ್ಲಿ ಉಳಿದ ಮೂರರ ಹಾಲನ್ನು ಡೇರಿಗೆ ಹಾಕಬಹುದೆಂದು ಬಹಳಷ್ಟು ಮಂದಿ ನಂಬಿದ್ದಾರೆ. ಕೆಚ್ಚಲಿನ ನಾಲ್ಕು ಭಾಗಗಳಲ್ಲಿ ಹಾಲು ಪ್ರತ್ಯೇಕವಾಗಿ ತಯಾರಾಗುವುದು ನಿಜ. ಆದರೆ ಅವುಗಳಿಗೆ ಹರಿಯುವ ರಕ್ತ ಒಂದೇ ಆದ್ದರಿಂದ, ಒಂದು ಭಾಗಕ್ಕೆ ಹಾಕಿದ ಔಷಧವು ರಕ್ತಕ್ಕೆ ಹೀರಲ್ಪಟ್ಟು ಮಿಕ್ಕ ಭಾಗಗಳ ಹಾಲಿಗೂ ಇಳಿಯಬಲ್ಲದು. ಹಾಗಾಗಿ ತಡೆಹಿಡಿಯಬೇಕಾದುದು ನಾಲ್ಕೂ ಮೊಲೆಗಳ ಹಾಲನ್ನು. ಕೊನೆಯ ಡೋಸ್ ಕೊಟ್ಟಂದಿನಿಂದ ಎಷ್ಟು ದಿನ ಹೀಗೆ ತಡೆಹಿಡಿಯಬೇಕು ಎಂಬುದನ್ನು ವಿತ್‌ಡ್ರಾಯಲ್ ಅವಧಿ ಎನ್ನುತ್ತಾರೆ. 2012ರಲ್ಲಿ ತಿದ್ದುಪಡಿಯಾದ ಭಾರತದ ಔಷಧ ನಿಯಮಗಳ ಪ್ರಕಾರ ಈ ಅವಧಿ ಔಷಧದ ಲೇಬಲ್ಲಿನ ಮೇಲೆ ನಮೂದಾಗಿರಬೇಕು, ಅವಧಿಯನ್ನು ಪರೀಕ್ಷೆಯಿಂದ ನಿರ್ಧರಿಸಿರದ ಔಷಧಗಳಿಗೆ ಹಾಲಿನ ವಿಷಯದಲ್ಲಿ ಕನಿಷ್ಠ 7 ದಿನ ಮತ್ತು ಮಾಂಸದ ವಿಷಯದಲ್ಲಿ ಕನಿಷ್ಠ 28 ದಿನ ಎಂದು ಹಿಡಿಯಬೇಕು.

ಹಾಲನ್ನು ಚೆನ್ನಾಗಿ ಕಾಯಿಸಿದರೆ ಎಲ್ಲವೂ ಹೋಗುತ್ತದೆ ಎಂಬುದು ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ನಂಬಿಕೆ. ಕುದಿಸುವುದರಿಂದ ಸಾಯುವುದು ಸೂಕ್ಷ್ಮಜೀವಿಗಳು. ಪೆನ್ಸಿಲಿನ್, ಟೆಟ್ರಾಸೈಕ್ಲಿನ್‌ನಂಥ ಔಷಧಗಳ ಅಣುಗಳಲ್ಲಿ ಒಂದಿಷ್ಟು ಪಾಲು ಕೆಡಬಹುದಾದರೂ ಉಳಿದದ್ದು ಹಾಲಿನಲ್ಲಿಯೇ ಇರುತ್ತದೆ. ಔಷಧದ ಅಂಶ ಹೆಚ್ಚಾಗಿರುವ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಿದರೂ ಸರಿಯಾಗಿ ಮೊಸರಾಗದಿರುವುದಕ್ಕೆ ಕಾರಣ ಇದೇ: ಉಳಿದ ಪ್ರತಿಜೀವಕ ಹೆಪ್ಪಿನಲ್ಲಿರುವ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ಮಾರಲಾಗದ ಈ ಹಾಲನ್ನು ಕರುವಿಗೆ ಕುಡಿಸಿದರೆ ಹಾನಿಯಿಲ್ಲ ಎಂಬುದೂ ಸರಿಯಲ್ಲ, ಏಕೆಂದರೆ ಕರುವಿನ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯಲು ಅದು ದಾರಿ ಮಾಡಿಕೊಡುತ್ತದೆ. ದಿನಕ್ಕೆ 10 ಲೀಟರ್ ಕರೆಯುವ ಹಸುವಿನಲ್ಲಿ ಒಂದು ವಾರದ ತಡೆಯೆಂದರೆ 70 ಲೀಟರ್ ಹಾಲಿನ ನಷ್ಟ. ಎರಡು ಹಸು ಕಟ್ಟಿಕೊಂಡ ಕುಟುಂಬವೊಂದೇ ಅದನ್ನು ಹೊರಬೇಕಾಗಿರುವ ಸ್ಥಿತಿ ನ್ಯಾಯವಾದುದಲ್ಲ. ಹಾಲು ಕೊಳ್ಳುವ ವ್ಯವಸ್ಥೆಯೇ ಈ ಹೊರೆಯಲ್ಲಿ ಪಾಲು ಪಡೆಯದೆ ಕೇವಲ ತಿಳಿವಳಿಕೆಯಿಂದ ಈ ರೂಢಿ ಬದಲಾಗುವುದು ಕಷ್ಟ.

ಕಾಲುಬಾಯಿ ಜ್ವರಕ್ಕೂ ಚರ್ಮಗಂಟು ರೋಗಕ್ಕೂ ಪ್ರತಿಜೀವಕದ ಇಂಜೆಕ್ಷನ್ನೇ ಮದ್ದು ಎಂಬ ನಂಬಿಕೆಗೆ ಕಣ್ಣೆದುರಿನ ಆಧಾರವೊಂದಿದೆ: ಇಂಜೆಕ್ಷನ್ ಬಿದ್ದ ರಾಸು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಈ ಎರಡೂ ರೋಗಗಳು ವೈರಸ್‌ನಿಂದ ಬರುವವು, ಪ್ರತಿಜೀವಕಕ್ಕೂ ವೈರಸ್ಸಿಗೂ ಸಂಬಂಧವಿಲ್ಲ. ಬಾಯಿ, ಗೊರಸು ಮತ್ತು ಚರ್ಮದ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಾಗ ಮಾತ್ರ ವೈದ್ಯರು ಅದನ್ನು ಬರೆಯುತ್ತಾರೆ. ವೈರಸ್ಸನ್ನು ಸೋಲಿಸುವುದು ಹಸುವಿನ ರೋಗನಿರೋಧಕ ಶಕ್ತಿ, ಅದನ್ನು ಮೊದಲೇ ಸಜ್ಜುಗೊಳಿಸುವುದು ಲಸಿಕೆ. ಲಸಿಕೆಯ ನಂತರ ಹಾಲು ಸ್ವಲ್ಪ ಇಳಿಯುವುದು ಸುಳ್ಳಲ್ಲ, ಆದರೆ ಆ ಇಳಿಕೆ ಕೆಲವೇ ದಿನಗಳದ್ದು, ಕಾಲುಬಾಯಿ ಜ್ವರ ಬಂದುಹೋದ ಹಸುವಿನ ಹಾಲು ಎಷ್ಟೋ ಸಲ ಆ ಕರಾವಿನುದ್ದಕ್ಕೂ ಮೊದಲಿನ ಮಟ್ಟಕ್ಕೆ ಬರುವುದಿಲ್ಲ.

ಜ್ವರ ಇಳಿದು, ಹಸು ಮೇವಿಗೆ ಬಾಯಿ ಹಾಕಿದೊಡನೆ ಔಷಧ ನಿಲ್ಲಿಸುವ ರೂಢಿಯೂ ವ್ಯಾಪಕವಾಗಿದೆ. ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೆಚ್ಚಲಿನ ಒಳಪದರಗಳಲ್ಲಿ ಸಣ್ಣ ಕೀವುಗುಳ್ಳೆಗಳ ಮರೆಯಲ್ಲಿ ಅಡಗಬಲ್ಲದು, ಹೊರಗಿನ ಊತ ಇಳಿದರೂ ಅದು ಒಳಗೆ ಜೀವಂತವಾಗಿದ್ದು ಮುಂದೆ ಮತ್ತೆ ಬಾವು ತರುತ್ತದೆ. ಡೋಸಿನ ಪ್ರಮಾಣವನ್ನು ಕಣ್ಣಳತೆಯಲ್ಲಿ ನಿರ್ಧರಿಸುವುದರಿಂದಲೂ, ಅದರಲ್ಲೂ ಜಂತುಹುಳದ ಔಷಧದಲ್ಲಿ, ಇಂಥದೇ ತೊಂದರೆಯಾಗುತ್ತದೆ. ಕಡಿಮೆ ಡೋಸಿನಲ್ಲಿ ಬಲಹೀನ ಹುಳುಗಳು ಸತ್ತು, ಔಷಧವನ್ನು ತಾಳಿಕೊಳ್ಳುವವು ಉಳಿದು ಸಂತತಿ ಬೆಳೆಸುತ್ತವೆ. ತೂಕದ ಯಂತ್ರವಿಲ್ಲದ ಕೊಟ್ಟಿಗೆಯಲ್ಲಿ ಒಂದು ಟೇಪು ಸಾಕು: ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚುಗಳಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಸುಮಾರಾಗಿ ಕಿಲೋಗ್ರಾಂಗಳಲ್ಲಿ ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 60 ಇಂಚು ಇರುವ ಹಸು ಈ ಲೆಕ್ಕದಲ್ಲಿ 396 ಕಿಲೋ ತೂಗುತ್ತದೆ. ತೂಕ ಸರಿಯಿದ್ದರೂ ಔಷಧದ ಆಯ್ಕೆ ತಪ್ಪಬಹುದು: ಗಬ್ಬವಾದ ಮೊದಲ ದಿನಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಭ್ರೂಣಕ್ಕೆ ಅಪಾಯವಿದೆ.

ಆಕ್ಸಿಟೋಸಿನ್ ವಿಷಯದಲ್ಲಿ ತಪ್ಪು ಕಲ್ಪನೆ ಪೇಟೆಯವರದೂ ಹೌದು. ಕರು ಮೊಲೆ ಚೀಪಿದಾಗ ಹಸುವಿನ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ತಾನೇ ಬಿಡುವ ಈ ಹಾರ್ಮೋನು ಹಾಲನ್ನು ಸೊರೆಬಿಡಿಸುತ್ತದೆ. ಇಂಜೆಕ್ಷನ್ ಕೊಟ್ಟು ಕರೆದ ಹಾಲಿನಿಂದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಭಯಕ್ಕೆ ಗಟ್ಟಿಯಾದ ಆಧಾರವಿಲ್ಲ. ಒಂಬತ್ತು ಅಮೈನೋ ಆಮ್ಲಗಳ ಈ ಸಣ್ಣ ಸರಪಳಿ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಕ್ಷೀಣಿಸುತ್ತದೆ, ಹಾಲಿನಲ್ಲಿ ಬಂದರೂ ಜೀರ್ಣಾಂಗದಲ್ಲಿ ಒಡೆದುಹೋಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇದರ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ವಲಯದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಗೆ ಮಾತ್ರ ಮೀಸಲಿಟ್ಟಿತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ತಾಯಂದಿರಿಗೆ ಬೇಕಾದ ಔಷಧದ ಪೂರೈಕೆಗೆ ಧಕ್ಕೆಯಾಗುವ ಪ್ರಶ್ನೆಯೂ ಎದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಇಷ್ಟರಿಂದ ದಿನನಿತ್ಯದ ಇಂಜೆಕ್ಷನ್ ನಿರಪಾಯವೆಂದಾಗುವುದಿಲ್ಲ. ಅದಕ್ಕೆ ಒಗ್ಗಿದ ಹಸು ಇಂಜೆಕ್ಷನ್ ಇಲ್ಲದೆ ಸೊರೆಬಿಡುವುದನ್ನೇ ಮರೆಯುತ್ತದೆ, ಪ್ರತಿದಿನವೂ ಸೂಜಿಯ ನೋವುಣ್ಣುತ್ತದೆ. ಹಾಲಿಗಾಗಿ ರಾಸಿನ ಆರೋಗ್ಯಕ್ಕೆ ಹಾನಿಯಾಗುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ನೋವು ನಿವಾರಕಗಳನ್ನು ಯಾರೂ ಅಪಾಯಕಾರಿ ಔಷಧಗಳ ಸಾಲಿಗೆ ಸೇರಿಸುವುದಿಲ್ಲ. 1990ರ ದಶಕದಿಂದ ಭಾರತ ಉಪಖಂಡದ ರಣಹದ್ದುಗಳು ಸಾಲುಸಾಲಾಗಿ ಸಾಯತೊಡಗಿ, ಮೂರು ಜಾತಿಗಳ ಸಂಖ್ಯೆ ನೂರಕ್ಕೆ 95ಕ್ಕಿಂತ ಹೆಚ್ಚು ಕುಸಿದಾಗ, ಕಾರಣ ಯಾವುದೋ ಸೋಂಕೆಂದು ಶಂಕಿಸಲಾಗಿತ್ತು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ, ರಾಸುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಕಾರಣವೆಂದು ತೋರಿಸಿಕೊಟ್ಟಿತು: ಆ ಔಷಧವಿದ್ದ ಹೆಣವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಬಿಳಿಯ ಪುಡಿಯಂತೆ ಕಟ್ಟಿಕೊಂಡು, ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಒಂದು ಹೆಣದ ಮೇಲೆ ಹತ್ತಾರು ಹದ್ದುಗಳು ಎರಗುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ವಿಷವಿದ್ದರೂ ಸಂತತಿ ಕುಸಿಯಲು ಸಾಕೆಂದು ಲೆಕ್ಕಾಚಾರಗಳು ಹೇಳಿದವು. 2006ರಲ್ಲಿ ಭಾರತ ಇದರ ಪಶುಬಳಕೆಯನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಸಾಗುತ್ತಲೇ ಇದ್ದುದರಿಂದ 2015ರಲ್ಲಿ ಇಂಜೆಕ್ಷನ್ನನ್ನು 3 ಮಿಲಿಲೀಟರಿನ ಒಂದೇ ಡೋಸಿಗೆ ಸೀಮಿತಗೊಳಿಸಲಾಯಿತು. ಹೆಸರು ಬೇರೆಯಾದರೆ ಔಷಧವೂ ಬೇರೆ ಎಂಬ ನಂಬಿಕೆಯೂ ಇಲ್ಲಿ ಮೋಸಮಾಡುತ್ತದೆ: ಅಸಿಕ್ಲೊಫೆನಾಕ್ ಹಸುವಿನ ದೇಹದೊಳಗೆ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. 2023ರಲ್ಲಿ ಅದನ್ನೂ ಕೀಟೊಪ್ರೊಫೆನ್ ಎಂಬ ಇನ್ನೊಂದು ನೋವು ನಿವಾರಕವನ್ನೂ ಪಶುಬಳಕೆಗೆ ನಿಷೇಧಿಸಲಾಯಿತು.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ ಮೇಲೂ, ಅಲ್ಲಿನ ಉದ್ದ ಕೊಕ್ಕಿನ ಹದ್ದುಗಳು ಮೇವಿಗಾಗಿ ಧಾಮದ ಗಡಿಯಾಚೆ ಬಹುದೂರ ಹಾರುವುದರಿಂದ, ಅವುಗಳ ಅಳಿವು ಉಳಿವು ಸುತ್ತಲಿನ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಯಾವ ಇಂಜೆಕ್ಷನ್ ಬಳಕೆಯಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಹದ್ದುಗಳಿಗೆ ಹಾನಿಯಿಲ್ಲವೆಂದು ಪರೀಕ್ಷೆಗಳಿಂದ ದೃಢಪಟ್ಟಿರುವ ಮೆಲೊಕ್ಸಿಕಾಮ್ ಪಶುವೈದ್ಯರ ಬಳಿ ಸುಲಭವಾಗಿ ಸಿಗುತ್ತದೆ. ಯಾವ ಔಷಧ ಕೊಟ್ಟಿದ್ದರೆಂದು ಗೊತ್ತಿಲ್ಲದೆ ಸತ್ತ ರಾಸನ್ನು ಬಯಲಿಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಹೂಳಬೇಕು.