ತೊಡೆಯ ಮೇಲಿನ ಲೆಕ್ಕ

ರಾಮನವಮಿಯ ಕಛೇರಿಗಳಲ್ಲಿ ನನ್ನ ಕಣ್ಣು ವೇದಿಕೆಗಿಂತ ಹೆಚ್ಚು ಕೇಳುಗರ ತೊಡೆಗಳ ಮೇಲೆಯೇ ಇರುತ್ತದೆ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮತ್ತೆ ತಟ್ಟಿ ಅಂಗೈ ಮಗುಚು, ಇನ್ನೊಮ್ಮೆ ತಟ್ಟಿ ಮಗುಚು. ಎಂಟೆಣಿಕೆಯ ಆದಿತಾಳದ ಒಂದು ಆವರ್ತ ಮುಗಿಯಿತು.

ತಟ್ಟಿ ಬೆರಳೆಣಿಸಿದ್ದು ಲಘು, ತಟ್ಟಿ ಮಗುಚಿದ್ದು ದ್ರುತ. ಬರೀ ಒಂದು ತಟ್ಟಿನ ಅನುದ್ರುತವೂ ಇದೆ, ಅದು ಸಿಗುವುದು ಝಂಪೆಯಲ್ಲಿ ಮಾತ್ರ. ಈ ಮೂರರಲ್ಲೇ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಸುಳಾದಿ ಸಪ್ತತಾಳಗಳಷ್ಟೂ ಕಟ್ಟಿಕೊಂಡಿವೆ.

ದ್ರುತ ಹಟಮಾರಿ, ಎಂದೂ ಎರಡೇ. ಜಾತಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದು ಲಘುವೊಂದೇ: ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9. ಒಂಬತ್ತಕ್ಕೆ ಹೋದಾಗ ಐದೂ ಬೆರಳು ಮುಗಿದು ಮತ್ತೆ ಕಿರುಬೆರಳಿಗೇ ಬರಬೇಕು. ಹೀಗೆ ಏಳು ತಾಳ 35 ಆಗುತ್ತವೆ; ತೀರ ಗಿಡ್ಡ ತಿಶ್ರ ಏಕ 3 ಎಣಿಕೆ, ತೀರ ಉದ್ದ ಸಂಕೀರ್ಣ ಧ್ರುವ 29. ಪ್ರತಿ ಎಣಿಕೆಯೊಳಗೆ ‘ತಕದಿಮಿ’ ಬದಲು ‘ತಕಿಟ’ ಕೂರಿಸಿದರೆ ಬದಲಾಗುವುದು ಗತಿ, ಜಾತಿಯಲ್ಲ. ಐದು ಗತಿಗಳನ್ನೂ ಸೇರಿಸಿದರೆ 175. ಕಲಿಯುವವರು ಇಲ್ಲೇ ಎಡವುತ್ತಾರೆ. ಜಾತಿ ಬೆರಳಲ್ಲಿ ಕಾಣುತ್ತದೆ. ಗತಿಯನ್ನು ಕಿವಿಯೇ ಹಿಡಿಯಬೇಕು.

ಲೆಕ್ಕ ಇಷ್ಟು ಭರ್ಜರಿ, ಬಳಕೆ ಮಾತ್ರ ಬಡವ. ಕಛೇರಿಯ ಬಹುಪಾಲನ್ನು ಆದಿ, ರೂಪಕಗಳೇ ನುಂಗುತ್ತವೆ. ಆದಿ ಎಂಬುದೂ ಚತುರಶ್ರ ತ್ರಿಪುಟದ ಮುದ್ದಿನ ಹೆಸರು. ಭೈರವಿಯ ‘ವಿರಿಬೋಣಿ’ ವರ್ಣ ಹಾಡಿದ ದಿನ 14 ಎಣಿಕೆಯ ಖಂಡ ಅಟ್ಟ ಮುಖ ತೋರಿಸುತ್ತದೆ. ಧ್ರುವ, ಮಠ್ಯಗಳೊಡನೆ ಅಲಂಕಾರ ಕಲಿಯುವಾಗ ಆದ ಪರಿಚಯ ಹೆಚ್ಚಿನವರಿಗೆ ಅಲ್ಲಿಗೇ ನಿಲ್ಲುತ್ತದೆ.

ಸುಳಾದಿ ಎಂಬ ಹೆಸರು ಮಾತ್ರ ನಮ್ಮ ಹರಿದಾಸರನ್ನು ನೆನಪಿಸುತ್ತದೆ. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು, ವಿಜಯದಾಸರು ಬರೆದ ಸುಳಾದಿಗಳಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ತಾಳ. ಇಂದು ಅವುಗಳ ಸಾಹಿತ್ಯ ಪಾರಾಯಣದಲ್ಲಿ ಉಳಿದಷ್ಟು ತಾಳ ಉಳಿದಿಲ್ಲ. ಇದು ನನ್ನ ಹಳೆಯ ತಕರಾರು. ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದರೆ ಪದ್ಯದ ನೆತ್ತಿಯ ಮೇಲೆ ಝಂಪೆ, ತ್ರಿವುಡೆ, ಅಷ್ಟ ಎಂಬ ಹೆಸರುಗಳು ಇನ್ನೂ ಕಾಣುತ್ತವೆ, ನಡೆ ಬೇರೆಯಾದರೂ.

ತಮಾಷೆಯೆಂದರೆ ಕೇಳುಗರು ಮನಸೋಲುವ ಮಿಶ್ರಛಾಪು, ಖಂಡಛಾಪುಗಳು ಈ 35ರ ಪಟ್ಟಿಯಲ್ಲೇ ಇಲ್ಲ. ಅವಕ್ಕೆ ಲಘುವಿಲ್ಲ, ಬೆರಳ ಎಣಿಕೆಯೂ ಇಲ್ಲ. ಮಿಶ್ರಛಾಪುವಿನ ಕೃತಿ ಎತ್ತಿಕೊಂಡೊಡನೆ ಸಾಲಿನಲ್ಲಿ ಕೂತವರ ಬೆರಳುಗಳೆಲ್ಲ ಸುಮ್ಮನಾಗುತ್ತವೆ. ತಕಿಟ ತಕದಿಮಿ, ತಕಿಟ ತಕದಿಮಿ: ಮೂರು ಸಣ್ಣದು, ನಾಲ್ಕು ದೊಡ್ಡದು, ಅಂಗೈ ಕುಂಟುತ್ತ ತಟ್ಟುತ್ತ ಹೋಗುತ್ತದೆ.