ಶಾಸನ ದತ್ತಸಂಚಯ ಮತ್ತು ಸ್ವಯಂಚಾಲಿತ ಶುದ್ಧಿ

ವಿಶಾಖಪಟ್ಟಣದ ಸಮೀಪದ ಸಿಂಹಾಚಲಂ ಬೆಟ್ಟದ ಮೇಲಿರುವ ವರಾಹ ಲಕ್ಷ್ಮೀನರಸಿಂಹ ದೇವಾಲಯವು ತೆಲುಗು, ಸಂಸ್ಕೃತ, ಒಡಿಯಾ ಮೊದಲಾದ ಭಾಷೆಗಳ ನೂರಾರು ಶಾಸನಗಳ ನೆಲೆ. ಕಳಿಂಗ ದಂಡಯಾತ್ರೆಯ ಕಾಲದಲ್ಲಿ ವಿಜಯನಗರದ ಕೃಷ್ಣದೇವರಾಯನು 1516 ಮತ್ತು 1519ರಲ್ಲಿ ಇಲ್ಲಿಗೆ ಬಂದುದನ್ನು ಇಲ್ಲಿನ ಬರಹಗಳು ಹೇಳುತ್ತವೆ. ಆದ್ದರಿಂದ ಕರ್ನಾಟಕದ ಚರಿತ್ರೆಯನ್ನು ಅಭ್ಯಸಿಸುವವರಿಗೂ ಅವು ಆಕರಗಳೇ ಆಗಿವೆ. ಇಂಥ ಶಾಸನಗಳ ವಿವರಗಳನ್ನು ಗಣಕಯಂತ್ರಕ್ಕೆ ಊಡಿಸಿದ ಮೇಲೆ ಅವುಗಳ ಸಂರಕ್ಷಣೆಯ ಹೊಣೆ ಯಾರದು, ಯಂತ್ರದ್ದೋ ವಿದ್ವಾಂಸರದ್ದೋ ಎಂಬ ಪ್ರಶ್ನೆ ಏಳುತ್ತದೆ.

ಸಂಬಂಧಾತ್ಮಕ ದತ್ತಸಂಚಯದ ಕಲ್ಪನೆಯನ್ನು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಇದರಲ್ಲಿ ಮಾಹಿತಿಯೆಲ್ಲವೂ ಕೋಷ್ಟಕಗಳಲ್ಲಿರುತ್ತದೆ. ಶಾಸನಗಳಿಗೊಂದು, ಸ್ಥಳಗಳಿಗೊಂದು, ಅರಸರಿಗೊಂದು, ಪ್ರಕಟಣೆಗಳಿಗೊಂದು ಕೋಷ್ಟಕವಿದ್ದು, ಪ್ರತಿ ಸಾಲಿಗೂ ಗುರುತಿನ ಸಂಖ್ಯೆಯೊಂದಿರುತ್ತದೆ. ಸ್ಥಳದ ವಿವರವನ್ನು ಪ್ರತಿ ಶಾಸನದ ಮುಂದೆಯೂ ಮರಳಿ ಬರೆಯದೆ, ಅದರ ಸಂಖ್ಯೆಯನ್ನು ಮಾತ್ರ ನಮೂದಿಸಿದರೆ ಸಾಕು. ಸಂಬಂಧವು ತಾನಾಗಿ ಕೂಡಿಬರುತ್ತದೆ.

ಬಳಕೆಯಲ್ಲಿರುವ ದತ್ತಸಂಚಯದಲ್ಲಿ ಕಸ ಬೆಳೆಯುವುದು ಸಹಜ. ಅದು ಮೂರು ಬಗೆಯದು. ಮೊದಲನೆಯದು, ತಿದ್ದುಪಡಿಯಿಂದ ಉಳಿಯುವ ಹಳೆಯ ಸಾಲು. ಪೋಸ್ಟ್‌ಗ್ರೆಸ್ ವ್ಯವಸ್ಥೆಯಲ್ಲಿ ಒಂದು ಸಾಲನ್ನು ತಿದ್ದಿದಾಗ ಹಳೆಯದು ಆಗಲೇ ಅಳಿಯುವುದಿಲ್ಲ. ಆ ಕ್ಷಣದಲ್ಲಿ ಬೇರೊಬ್ಬರು ಅದನ್ನು ಓದುತ್ತಿರಬಹುದೆಂಬ ಕಾರಣಕ್ಕೆ ಹೊಸ ರೂಪವೊಂದು ಬೇರೆಯಾಗಿ ದಾಖಲಾಗುತ್ತದೆ. ಓದುವವರು ಯಾರೂ ಇಲ್ಲವಾದಾಗ ಹಳೆಯದು ನಿರ್ಜೀವವಾಗಿ ಸ್ಥಳವನ್ನು ಆಕ್ರಮಿಸಿರುತ್ತದೆ. ಎರಡನೆಯದು, ತಾತ್ಕಾಲಿಕ ದಾಖಲೆ: ಮುಗಿದ ಹುಡುಕಾಟಗಳ ಪಟ್ಟಿ, ಅರ್ಧಕ್ಕೆ ನಿಂತ ನಮೂದು ಇತ್ಯಾದಿ. ಮೂರನೆಯದು, ಒಂದೇ ವಸ್ತುವಿಗೆ ಎರಡು ಸಾಲುಗಳಿವೆಯೆಂದು ತೋರುವ ಪುನರುಕ್ತಿ.

ಮೊದಲೆರಡು ಬಗೆಗಳನ್ನು ಯಂತ್ರಕ್ಕೆ ನಿಶ್ಚಿಂತೆಯಿಂದ ಒಪ್ಪಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ 'ಆಟೋವ್ಯಾಕ್ಯೂಮ್' ಎಂಬ ಸ್ವಯಂಚಾಲಿತ ಕ್ರಿಯೆಯು 2005ರಿಂದ ಅದರ ಅಂಗವಾಗಿಯೇ ಇದೆ. ಸಾಮಾನ್ಯ ಗಾತ್ರದ ಕೋಷ್ಟಕದಲ್ಲಿ, ಮೊದಲೇ ಗೊತ್ತುಪಡಿಸಿದ ಅಳತೆಯ ಪ್ರಕಾರ, ನಿರ್ಜೀವ ಸಾಲುಗಳು 50ಕ್ಕೆ ಒಟ್ಟು ಸಾಲುಗಳ ಶೇಕಡ 20ನ್ನು ಕೂಡಿಸಿದಷ್ಟನ್ನು ಮೀರಿದಾಗ ಅದು ಎಚ್ಚರಗೊಳ್ಳುತ್ತದೆ. ಹತ್ತು ಸಾವಿರ ಸಾಲುಗಳ ಕೋಷ್ಟಕದಲ್ಲಿ ಈ ಮಿತಿ 2,050. ಆ ಕ್ರಿಯೆಯು ಕಡತವನ್ನು ಸಾಮಾನ್ಯವಾಗಿ ಚಿಕ್ಕದು ಮಾಡುವುದಿಲ್ಲ. ತೆರವಾದ ಸ್ಥಳವನ್ನು ಹೊಸ ಸಾಲುಗಳ ಬಳಕೆಗೆ ಒದಗಿಸುತ್ತದೆ. ತಾತ್ಕಾಲಿಕ ದಾಖಲೆಗಳಿಗೆ ಗಡಿಯಾರವೇ ಮೇಸ್ತ್ರಿ. ಯುನಿಕ್ಸ್‌ನ 'ಕ್ರಾನ್', ಮೈಎಸ್‌ಕ್ಯೂಎಲ್‌ನ ಕಾರ್ಯವೇಳಾಪಟ್ಟಿ ಇವು ನಿಗದಿತ ಹೊತ್ತಿಗೆ ಆಜ್ಞೆಯನ್ನು ನಡೆಸುತ್ತವೆ. ಇಲ್ಲಿಯೂ ಕ್ರಮವುಂಟು: ಮೊದಲು ಪ್ರತಿ ತೆಗೆದಿರಿಸಬೇಕು, ಒಮ್ಮೆಗೇ ಅಳಿಸದೆ ಸಣ್ಣ ಸಣ್ಣ ಕಂತುಗಳಲ್ಲಿ ಅಳಿಸಬೇಕು, ಎಷ್ಟು ಸಾಲು ಹೋಯಿತೆಂಬುದನ್ನು ದಿನಚರಿಯಲ್ಲಿ ಬರೆದಿಡಬೇಕು.

ತೊಡಕಿರುವುದು ಮೂರನೆಯ ಬಗೆಯಲ್ಲಿ. ಯಂತ್ರವು ಅಕ್ಷರಗಳ ಹೋಲಿಕೆಯನ್ನು ಬಲ್ಲುದೇ ಹೊರತು ಅರ್ಥದ ಹೋಲಿಕೆಯನ್ನು ಅರಿಯದು. ಸಿಂಹಾಚಲ, ಸಿಂಹಗಿರಿ, ಸಿಂಹಾದ್ರಿ ಎಂಬ ಹೆಸರುಗಳು ಅದಕ್ಕೆ ಮೂರು ಊರುಗಳು. ಅವನ್ನು ಒಂದಾಗಿಸಿ ಎಂದು ಆಜ್ಞೆಯಿತ್ತರೆ, ಯಾವ ಶಾಸನ ಯಾವ ರೂಪವನ್ನು ಬಳಸಿತೆಂಬ ಭಾಷಿಕ ಸಾಕ್ಷ್ಯವೇ ಅಳಿದುಹೋಗುತ್ತದೆ. ಪ್ರಕಟಣೆಯ ಸಂಖ್ಯೆಗಳದೂ ಇದೇ ಪಾಡು. ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಖ್ಯೆಗಳೂ ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳ ಸಂಖ್ಯೆಗಳೂ ಬೇರೆಬೇರೆ. ಒಂದೇ ಕಲ್ಲಿಗೆ ಎರಡು ಸಂಖ್ಯೆಗಳಿರುವುದು ಪುನರುಕ್ತಿಯಲ್ಲ. ಹಳೆಯ ಸಂಶೋಧನಾ ಗ್ರಂಥಗಳ ಉಲ್ಲೇಖಗಳನ್ನು ಕಲ್ಲಿನವರೆಗೆ ಒಯ್ಯುವ ದಾರಿ ಅದು. ಹಾಗೆಯೇ ಇಬ್ಬರು ವಿದ್ವಾಂಸರ ಪಾಠಭೇದವೂ ಕಸವಲ್ಲ.

ಇನ್ನೊಂದು ಅಪಾಯವು ಸಂಬಂಧಗಳಲ್ಲಿಯೇ ಅಡಗಿದೆ. ಒಂದು ಸಾಲನ್ನು ಅಳಿಸಿದರೆ ಅದನ್ನು ಅವಲಂಬಿಸಿದವೂ ಅಳಿಯಲಿ ಎಂಬ ನಿಯಮವನ್ನು ವಿಧಿಸಲು ಸಾಧ್ಯವಿದೆ. ಆಗ ಹೆಚ್ಚಿಗೆಯೆಂದು ಭಾವಿಸಿದ ಒಂದು ಸ್ಥಳನಾಮವನ್ನು ತೆಗೆದೊಡನೆ ಅಲ್ಲಿನ ಶಾಸನಗಳೂ, ಅವುಗಳ ಪಾಠಗಳೂ ಸಾಲುಸಾಲಾಗಿ ಇಲ್ಲವಾಗಬಹುದು. ಅವಲಂಬಿತ ಸಾಲುಗಳಿರುವವರೆಗೆ ಅಳಿಸುವುದನ್ನು ನಿರಾಕರಿಸುವ ನಿಯಮವೇ ಶಾಸನಕ್ಷೇತ್ರಕ್ಕೆ ತಕ್ಕುದು. ಪುನರುಕ್ತಿಯೆಂದು ಕಂಡದ್ದನ್ನು ಯಂತ್ರವು ಪಟ್ಟಿಮಾಡಿ ಒಪ್ಪಿಸಲಿ, ತೀರ್ಪು ಶಾಸನತಜ್ಞರದಾಗಿರಲಿ. ಒಂದೇ ಎಂದು ತೀರ್ಮಾನವಾದಾಗಲೂ ಹಳೆಯ ರೂಪವನ್ನು ಅಳಿಸದೆ, ಪ್ರಮಾಣರೂಪಕ್ಕೆ ಕೊಂಡಿಯಿಕ್ಕಿ ಉಳಿಸುವುದು ಲೇಸು.

ಸಿಂಹಾಚಲದ ಮೂರ್ತಿಯು ವರ್ಷವಿಡೀ ಚಂದನದ ಲೇಪದಲ್ಲಿ ಮರೆಯಾಗಿರುತ್ತದೆ. ಅಕ್ಷಯ ತೃತೀಯೆಯಂದು ಲೇಪವನ್ನು ತೆಗೆದು, ನಿಜರೂಪದರ್ಶನವಾದ ಬಳಿಕ ಮತ್ತೆ ಲೇಪಿಸುತ್ತಾರೆ. ದಿನ ಗೊತ್ತಾದುದು, ತೆಗೆಯುವವರು ಗೊತ್ತಾದವರು. ತೆಗೆದ ಚಂದನವೂ ಪ್ರಸಾದವಾಗಿ ಭಕ್ತರ ಕೈಸೇರುತ್ತದೆ. ದತ್ತಸಂಚಯದ ಶುದ್ಧಿಗೂ ಇಂಥದೇ ಕ್ರಮ ಬೇಕು. ಹೊತ್ತು ತಪ್ಪದಂತೆ ಕೆಲಸ ನಡೆಸುವುದಕ್ಕೆ ಯಂತ್ರವು ಸಮರ್ಥ. ಲೇಪ ಯಾವುದು, ಮೂರ್ತಿ ಯಾವುದು ಎಂಬ ವಿವೇಕವು ಮಾತ್ರ ಕನ್ನಡದ ಅಭ್ಯಾಸಿಗಳಲ್ಲಿಯೇ ಉಳಿಯಬೇಕು.