ಅಪ್ಪನ ಎರಡು ಸಾವಿರ ಎಲ್ಲಿ ಹೋಯ್ತು?

ಹಿಂದೆ ಬೊಮ್ಮನಹಳ್ಳಿ ಸಿಗ್ನಲ್ ಹಾರ್ನ್ ಕೇಳಿಸ್ತಾ ಇದ್ರೆ ಬೇಜಾರು ಮಾಡ್ಕೋಬೇಡಿ, ಕಿಟಕಿ ಮುಚ್ಚಿದ್ರೂ ಇಷ್ಟೇ. ಈ ಏರಿಯಾದ ಪಿಜಿಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಇರೋ ನಮ್ಮಂಥವರಿಗೆ ಊರಿಂದ ಒಂದೇ ಥರದ ಫೋನ್ ಬರುತ್ತೆ. ನನಗೂ ಬಂತು. ಪಾವಗಡದ ಕಡೆ ನಮ್ಮಪ್ಪಂದು ಎರಡು ಎಕರೆ ಕಡ್ಲೆಕಾಯಿ ಹೊಲ. "ಲೋ ಮಗಾ, ಎಲ್ರಿಗೂ ದುಡ್ಡು ಬಂದೈತೆ, ನಂಗೇ ಬಂದಿಲ್ಲ. ಮೊಬೈಲಲ್ಲಿ ನೋಡೋ."

ಅಪ್ಪ ಹೇಳಿದ್ದು ಪಿಎಂ-ಕಿಸಾನ್ ದುಡ್ಡು. 2019ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಯೋಜನೆ. ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ನಮ್ಮ ರಾಜ್ಯ ಇದಕ್ಕೆ 4,000 ಸೇರಿಸಿ ಕೊಡ್ತಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಎರಡು ಸಾವಿರ ಯಾವ ಲೆಕ್ಕ ಅಂತ ಇಲ್ಲಿ ಕೂತು ಅನ್ನಬಹುದು. ಬಿತ್ತನೆ ಟೈಮಲ್ಲಿ ಅದು ಟ್ರ್ಯಾಕ್ಟರ್ ಬಾಡಿಗೆ.

ನಾನು ಮೊದಲು ಹೆದರಿದ್ದು ನನ್ನ ಬಗ್ಗೆನೇ. ಆದಾಯ ತೆರಿಗೆ ಕಟ್ಟೋರಿಗೆ ಈ ಹಣ ಇಲ್ಲ. ನನ್ನ ಸಂಬಳದಲ್ಲಿ ಟ್ಯಾಕ್ಸ್ ಹೋಗುತ್ತೆ, ಅದಕ್ಕೇ ಅಪ್ಪಂದು ನಿಂತುಹೋಯ್ತಾ? ನಿಯಮ ಓದಿದ ಮೇಲೆ ಉಸಿರು ಬಂತು. ಈ ಯೋಜನೆಗೆ ಕುಟುಂಬ ಅಂದ್ರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು, ಅಷ್ಟೇ. ದುಡಿಯೋ ಮಗನ ಟ್ಯಾಕ್ಸು ಅಪ್ಪನ ಕಂತನ್ನ ನಿಲ್ಲಿಸಲ್ಲ.

ಆಮೇಲೆ ಪಿಎಂ-ಕಿಸಾನ್ ವೆಬ್‌ಸೈಟಲ್ಲಿ ಅಪ್ಪನ ಸ್ಟೇಟಸ್ ತೆಗೆದೆ. ಅಲ್ಲಿ ನೋಡಬೇಕಾಗಿದ್ದು ಮೂರು: ಜಮೀನಿನ ದಾಖಲೆ ಜೋಡಣೆ ಆಗಿದೆಯಾ, ಇ-ಕೆವೈಸಿ ಆಗಿದೆಯಾ, ಆಧಾರ್ ಬ್ಯಾಂಕಿಗೆ ಜೋಡಿಸಿದೆಯಾ. ಮೂರಕ್ಕೂ ಹೌದು ಅಂತಿತ್ತು! ಹಾಗಾದ್ರೆ ದುಡ್ಡೆಲ್ಲಿ?

ಇಲ್ಲೇ ಇರೋದು ವಿಷಯ. ಹಣ ಈಗ ನೀವು ಅರ್ಜೀಲಿ ಬರೆದ ಖಾತೆ ನಂಬರ್ ನೋಡಿಕೊಂಡು ಬರಲ್ಲ, ಆಧಾರ್ ನಂಬರ್ ಹಿಡಿದು ಬರುತ್ತೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಅನ್ನೋ ಪಟ್ಟಿ ಎನ್‌ಪಿಸಿಐ ಹತ್ರ ಇರುತ್ತೆ. ಅದರಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದು ಯಾವುದೋ ಅದು. ಹಳೇದು ತಾನಾಗೇ ಬಿದ್ದುಹೋಗುತ್ತೆ. ಇದನ್ನ ಆಧಾರ್ ವೆಬ್‌ಸೈಟಲ್ಲಿ ನೋಡಬಹುದು, ಒಟಿಪಿ ಬೇಕು. ಅಪ್ಪ ಕನ್ನಡಕ ಹುಡುಕಿ ಆರು ಅಂಕಿ ಓದಿ ಹೇಳೋ ಹೊತ್ತಿಗೆ ಎರಡು ಸಲ ಟೈಮ್ ಮುಗಿದಿತ್ತು. ಮೂರನೇ ಸಲ ಬಂದ ಬ್ಯಾಂಕಿನ ಹೆಸರು ನೋಡಿ ಕೇಳಿದೆ, "ಅಪ್ಪಾ, ಇಲ್ಯಾವಾಗ ಖಾತೆ ಮಾಡ್ಸಿದ್ದೆ?"

ಸ್ವಲ್ಪ ಹೊತ್ತು ಮಾತಿಲ್ಲ. "ನಿಮ್ಮಮ್ಮನ ಸರ ಅಡ ಇಟ್ಟಿದ್ನಲ್ಲ, ಆವಾಗ ಏನೋ ಸೈನ್ ಹಾಕಿಸ್ಕೊಂಡ್ರು."

ಸರ ಅಡ ಇಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಇರಲಿ. ಆ ಖಾತೇಲಿ ಮೂರು ಕಂತು, 6,000 ರೂಪಾಯಿ ಸುಮ್ಮನೆ ಕೂತಿತ್ತು. ಪಾಸ್‌ಬುಕ್ ಟ್ರಂಕಲ್ಲಿ. ಬೇಡದಿದ್ರೆ ಹಳೇ ಬ್ಯಾಂಕಿಗೇ ಹೋಗಿ ಆಧಾರ್ ಜೋಡಣೆ ಅರ್ಜಿ ಕೊಟ್ರೆ ಮುಂದಿನ ಹಣ ಅಲ್ಲಿಗೆ ತಿರುಗುತ್ತೆ. ಗೃಹಲಕ್ಷ್ಮಿ ಹಣ ಬರಲಿಲ್ಲ ಅನ್ನೋ ಅಮ್ಮಂದಿರಿಗೂ ಮೊದಲು ಇದನ್ನೇ ನೋಡಿಕೊಡಿ.

ಒಂದು ಎಚ್ಚರಿಕೆ: ವಾಟ್ಸಾಪಲ್ಲಿ ಪಿಎಂ-ಕಿಸಾನ್ ಅಂತ ಎಪಿಕೆ ಫೈಲ್ ಬಂದ್ರೆ ಮುಟ್ಟಬೇಡಿ. ಅದು ಖಾತೆ ಖಾಲಿ ಮಾಡೋ ಆಟ. ಊರಲ್ಲೂ ಹೇಳಿಡಿ.

ನಮ್ಮ ಚಿಕ್ಕಪ್ಪನ ಕಷ್ಟ ಬೇರೆ. ಅವರ ಪಾಲಿನ ಹೊಲದ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಪಹಣೀಲಿ ಹೆಸರಿಲ್ಲದೆ ಈ ಹಣ ಇಲ್ಲ. ಬೇರೆಯವರ ಹೊಲ ವಾರಕ್ಕೆ ಮಾಡೋರಿಗೂ ಇದೇ ಕಾರಣಕ್ಕೆ ಸಿಗಲ್ಲ, ಬೆವರು ಅವರದ್ದೇ ಆದ್ರೂ. ಚಿಕ್ಕಪ್ಪ ಮೊದಲು ಪೌತಿ ಖಾತೆ ಮಾಡಿಸಬೇಕು, ಅಂದ್ರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅತ್ತೆಯಂದಿರ ಒಪ್ಪಿಗೆ. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ. ಮೂವರು ಅತ್ತೆಯಂದಿರಲ್ಲಿ ಇಬ್ಬರು ಒಪ್ಪಿದ್ದಾರೆ. ಮೂರನೆಯವರನ್ನ ಮಾತಾಡಿಸೋಕೆ ಈ ಭಾನುವಾರ ನಾನೇ ಊರಿಗೆ ಹೊರಟಿದ್ದೀನಿ.